ಅಜ್ಜ-ಅಜ್ಜಿ, ಮಕ್ಕಳ ಜತೆ ಕಾರಿನಲ್ಲಿ ಊರಿಗೆ ಹೊರಟಿದ್ದೀರಾ? ಪುಣೆ-ಬೆಂಗಳೂರು ದಾರಿಯ ಈ ಲೆಕ್ಕ ತಿಳಿದಿರಲಿ

ದೀಪಾವಳಿ, ಬೇಸಿಗೆ ರಜೆ, ಊರ ಜಾತ್ರೆ, ಮನೆಯ ಮದುವೆ. ಮುಂಬೈ, ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಕಾರುಗಳು ಊರಿನತ್ತ ಮುಖ ಮಾಡಲು ಕಾರಣಗಳಿಗೆ ಬರವಿಲ್ಲ. ಆರು ಮಂದಿಗೆ ಒಟ್ಟಿಗೆ ರೈಲು ಟಿಕೆಟ್ ಸಿಗದಿದ್ದಾಗ 'ಕಾರಿನಲ್ಲೇ ಹೋಗಿಬಿಡೋಣ' ಎಂಬ ತೀರ್ಮಾನವಾಗುತ್ತದೆ. ಆದರೆ ಗಂಡ-ಹೆಂಡತಿ ಇಬ್ಬರೇ ಹೋಗುವ ಪ್ರಯಾಣದ ಲೆಕ್ಕ ಬೇರೆ, 3 ವರ್ಷದ ಮಗು ಮತ್ತು 70 ದಾಟಿದ ಹಿರಿಯರನ್ನು ಕೂರಿಸಿಕೊಂಡು ಹೋಗುವ ಲೆಕ್ಕವೇ ಬೇರೆ.

ಮಗುವಿಗೆ ತೊಂದರೆಯಾದರೆ ಅಳುತ್ತದೆ, ಹಟ ಮಾಡುತ್ತದೆ, ಕಾರು ನಿಲ್ಲುತ್ತದೆ. ಹಿರಿಯರು ಹಾಗಲ್ಲ. ದಾರಿಯಲ್ಲಿ ಶೌಚಾಲಯಕ್ಕಾಗಿ ಕಾರು ನಿಲ್ಲಿಸಲು ಹೇಳಬೇಕಾಗುತ್ತದೆ ಎಂಬ ಸಂಕೋಚಕ್ಕೆ ಎಷ್ಟೋ ಅಜ್ಜಿಯರು ಬೆಳಿಗ್ಗೆಯಿಂದ ನೀರೇ ಕುಡಿದಿರುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ನೀರು ಕಡಿಮೆಯಾದರೆ ತಲೆಸುತ್ತು, ಸುಸ್ತು ಕಾಣಿಸಿಕೊಳ್ಳಬಹುದು. ಹಾಗಾಗಿ ಇಂಥ ಪ್ರಯಾಣದ ಮೊದಲ ನಿಯಮ ಒಂದೇ: ಯಾರೂ ಕೇಳುವ ಮೊದಲೇ ಕಾರು ನಿಲ್ಲಬೇಕು.

ಒಂದೇ ದಿನದಲ್ಲಿ ಮುಟ್ಟುವ ಹಟ ಬೇಡ

ಪುಣೆಯಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 840 ಕಿ.ಮೀ. ದೂರ. ಗಂಟೆಗೆ ಸರಾಸರಿ 60 ಕಿ.ಮೀ. ಎಂದು ಹಿಡಿದರೂ 14 ಗಂಟೆ ಚಾಲನೆಗೇ ಬೇಕು. ಎರಡು ಗಂಟೆಗೊಮ್ಮೆ 20 ನಿಮಿಷ ನಿಲ್ಲಿಸಿ, ತಿಂಡಿ-ಊಟಕ್ಕೆ ಮುಕ್ಕಾಲು ಗಂಟೆಯಂತೆ ಸೇರಿಸಿದರೆ ಲೆಕ್ಕ 17-18 ಗಂಟೆಗೆ ಹೋಗುತ್ತದೆ. ಮೊಬೈಲ್ ಮ್ಯಾಪ್ ತೋರಿಸುವ ಸಮಯದಲ್ಲಿ ಈ ನಿಲುಗಡೆಗಳು ಸೇರಿರುವುದಿಲ್ಲ.

ಇದಕ್ಕೆ ಪರಿಹಾರ, ಪ್ರಯಾಣವನ್ನು ಎರಡು ದಿನಕ್ಕೆ ಹಂಚುವುದು. ಪುಣೆಯಿಂದ ಹುಬ್ಬಳ್ಳಿ ಸುಮಾರು 430 ಕಿ.ಮೀ., ಅಲ್ಲಿಂದ ಬೆಂಗಳೂರು ಸುಮಾರು 410 ಕಿ.ಮೀ. ಹೆಚ್ಚುಕಡಿಮೆ ಸರಿ ಅರ್ಧ. ಬೆಳಿಗ್ಗೆ 6ಕ್ಕೆ ಪುಣೆ ಬಿಟ್ಟರೆ ಸಾತಾರದ ಬಳಿ ತಿಂಡಿ, ಕರಾಡ್ ಬಳಿ ಸಣ್ಣ ವಿರಾಮ, ಕೊಲ್ಹಾಪುರದಲ್ಲಿ ಊಟ, ಬೆಳಗಾವಿಯಲ್ಲಿ ಚಹಾ ಮುಗಿಸಿ ಸಂಜೆ ಹೊತ್ತಿಗೆ ಧಾರವಾಡ ಅಥವಾ ಹುಬ್ಬಳ್ಳಿ ತಲುಪಬಹುದು. ಮುಂಬೈನಿಂದ ಹೊರಡುವವರಿಗೆ ಸುಮಾರು 150 ಕಿ.ಮೀ. ಹೆಚ್ಚಾಗುವುದರಿಂದ ಮೊದಲ ರಾತ್ರಿ ಬೆಳಗಾವಿಯಲ್ಲೇ ತಂಗುವುದು ಒಳ್ಳೆಯದು.

ಲಾಡ್ಜ್ ಬುಕ್ ಮಾಡುವ ಮುನ್ನ ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳಿ: ನೆಲಮಹಡಿ ಕೋಣೆ ಅಥವಾ ಲಿಫ್ಟ್ ಇದೆಯೇ, ವೆಸ್ಟರ್ನ್ ಕಮೋಡ್ ಇದೆಯೇ, ರಾತ್ರಿ ಹಾಲು-ಬಿಸಿನೀರು ಸಿಗುತ್ತದೆಯೇ.

ಯಾರು ಎಲ್ಲಿ ಕೂರಬೇಕು?

'ಮಗು ಅಜ್ಜಿಯ ಮಡಿಲಲ್ಲಿರಲಿ' ಎನ್ನುವುದು ನಮ್ಮ ಮನೆಗಳ ರೂಢಿ. ಆದರೆ ಕಾರು ವೇಗದಲ್ಲಿದ್ದಾಗ ಡಿಕ್ಕಿಯಾದರೆ ಯಾವ ಕೈಯೂ ಮಗುವನ್ನು ಹಿಡಿದಿಟ್ಟುಕೊಳ್ಳಲಾರದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನ ಕಡ್ಡಾಯ. ತಪ್ಪಿದರೆ 1,000 ರೂ. ದಂಡ. ದಂಡಕ್ಕಿಂತ ಮುಖ್ಯವಾದದ್ದು ಮಗುವಿನ ಜೀವ. ಚಿಕ್ಕ ಮಕ್ಕಳಿಗೆ ವಯಸ್ಸು, ತೂಕಕ್ಕೆ ತಕ್ಕ ಚೈಲ್ಡ್ ಸೀಟ್ ಇರಲಿ, ಅದು ಹಿಂದಿನ ಸಾಲಿನಲ್ಲೇ ಇರಲಿ. ಮೊಮ್ಮಗುವಿನ ಪಕ್ಕದಲ್ಲೇ ಅಜ್ಜಿ ಕೂತರೆ ಕಥೆಯೂ ಆಗುತ್ತದೆ, ಕೈಯೂ ಸಿಗುತ್ತದೆ.

ಮಂಡಿ, ಸೊಂಟ ನೋವಿರುವವರಿಗೆ ಕಾಲು ಚಾಚಲು ಜಾಗವಿರುವ ಮುಂದಿನ ಸೀಟು ಕೊಡಿ. ಏಳು ಸೀಟಿನ ಕಾರುಗಳ ಕೊನೆಯ ಸಾಲು ಹಿರಿಯರಿಗಲ್ಲ. ಅಲ್ಲಿ ಮಂಡಿ ಮಡಚಿಕೊಂಡೇ ಕೂರಬೇಕು, ಗುಂಡಿಯ ಕುಲುಕಾಟವೂ ಜಾಸ್ತಿ. ಆ ಸಾಲಿಗೆ ದೊಡ್ಡ ಮಕ್ಕಳ ಜತೆ ಮನೆಯ ಕಿರಿಯರೊಬ್ಬರು ಹೋಗಲಿ. ಕಾರು ಎತ್ತರವಾಗಿದ್ದರೆ ಹತ್ತಿಳಿಯಲು ಒಂದು ಗಟ್ಟಿ ಸ್ಟೂಲ್ ಜತೆಗಿರಲಿ.

ಐದು ಸೀಟಿನ ಕಾರಿನಲ್ಲಿ ಆರು ಜನ ಬೇಡ. ಎಲ್ಲರಿಗೂ ಬೆಲ್ಟ್ ಸಿಗದಿದ್ದರೆ ದೊಡ್ಡ ಬಾಡಿಗೆ ಕಾರು ಮಾಡಿ, ಇಲ್ಲವೇ ಇಬ್ಬರು ರೈಲಿನಲ್ಲಿ ಬರಲಿ.

ಎರಡು ಗಂಟೆಗೊಮ್ಮೆ ಎಲ್ಲರೂ ಇಳಿಯಲಿ

ನಾಲ್ಕು ಗಂಟೆಗೂ ಹೆಚ್ಚು ಕಾಲ ಅಲುಗಾಡದೆ ಕೂತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ವಯಸ್ಸಾದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಇದು ಇನ್ನಷ್ಟು ಅನ್ವಯ. ಆದ್ದರಿಂದ ನಿಲ್ಲಿಸಿದಾಗ ಎಲ್ಲರೂ ಇಳಿದು ಐದು ನಿಮಿಷ ನಡೆಯಲಿ. ಕೂತಲ್ಲೂ ಪಾದ ಮೇಲೆ-ಕೆಳಗೆ ಆಡಿಸುತ್ತಿರಲಿ. ಒಂದು ಕಾಲು ಊದಿಕೊಂಡು ನೋವು ಶುರುವಾದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಕಂಡರೆ ಊರು ಮುಟ್ಟುವವರೆಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ.

'ಬೇಕಾ?' ಎಂದು ಕೇಳಿದರೆ ಹಿರಿಯರು 'ಬೇಡ' ಎನ್ನುವುದೇ ಹೆಚ್ಚು. ಕೇಳುವ ಬದಲು ಜತೆಯಲ್ಲಿ ಕರೆದುಕೊಂಡು ಹೋಗಿ, ನೀರಿನ ಲೋಟವನ್ನು ಕೈಗೇ ಕೊಡಿ. ಹೃದಯ ಅಥವಾ ಕಿಡ್ನಿ ತೊಂದರೆಯಿಂದ ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಮಾತ್ರ ಆ ಮಿತಿಯನ್ನು ಪಾಲಿಸಿ.

ಮಕ್ಕಳನ್ನಾಗಲಿ, ನಿದ್ದೆ ಹತ್ತಿದ ಹಿರಿಯರನ್ನಾಗಲಿ ನಿಲ್ಲಿಸಿದ ಕಾರಿನಲ್ಲಿ ಒಂಟಿಯಾಗಿ ಬಿಡಬೇಡಿ. ಬಿಸಿಲಿನಲ್ಲಿ ಕೆಲವೇ ನಿಮಿಷದಲ್ಲಿ ಕಾರಿನ ಒಳಗೆ ಕಾವು ಏರುತ್ತದೆ. ಗಾಜು ಸ್ವಲ್ಪ ಇಳಿಸಿದ್ದರೂ ಪ್ರಯೋಜನವಿಲ್ಲ.

ಊಟ, ಔಷಧ, ವಾಂತಿ

ಮೊದಲ ದಿನಕ್ಕೆ ಚಪಾತಿ, ಶೇಂಗಾ ಚಟ್ನಿ, ಅವಲಕ್ಕಿ, ಬಾಳೆಹಣ್ಣು ಸಾಕು. ಸಕ್ಕರೆ ಕಾಯಿಲೆ ಇರುವವರ ಊಟದ ಹೊತ್ತು ತಪ್ಪಬಾರದು. ಬೆವರು, ನಡುಕ ಕಂಡರೆ ಕೊಡಲು ಸಕ್ಕರೆ ಅಥವಾ ಗ್ಲೂಕೋಸ್ ಕೈಗೆಟಕುವಂತಿರಲಿ.

ಔಷಧದ ಚೀಲ ಡಿಕ್ಕಿಯಲ್ಲಿ ಬೇಡ, ಸೀಟಿನ ಬಳಿಯೇ ಇರಲಿ. ಎರಡು ದಿನಕ್ಕೆ ಹೆಚ್ಚುವರಿ ಮಾತ್ರೆ, ವೈದ್ಯರ ಚೀಟಿ, ಮಾತ್ರೆಗಳ ಹೆಸರು ಬರೆದ ಹಾಳೆ ಅದರಲ್ಲಿರಲಿ. ಇನ್ಸುಲಿನ್ ಬಿಸಿಲಿಗೆ ಸಿಗಬಾರದು, ಐಸ್‌ಗೂ ನೇರವಾಗಿ ತಾಗಬಾರದು.

ಘಾಟಿ ತಿರುವುಗಳಲ್ಲಿ 2ರಿಂದ 12 ವರ್ಷದ ಮಕ್ಕಳಿಗೆ ವಾಂತಿ ಹೆಚ್ಚು. ಪುಣೆ-ಸಾತಾರ ನಡುವಿನ ಖಂಬಾಟ್ಕಿ ಘಾಟ್ ಬರುವ ಮೊದಲೇ ಮೊಬೈಲ್ ಪಕ್ಕಕ್ಕಿಟ್ಟು ಮುಂದಿನ ರಸ್ತೆ ನೋಡಲು ಹೇಳಿ. ವಾಂತಿ ತಡೆಯುವ ಔಷಧವನ್ನು ಮಕ್ಕಳ ವೈದ್ಯರನ್ನು ಕೇಳದೆ ಕೊಡಬೇಡಿ.

ಈ ದಾರಿಯಲ್ಲಿ ಗಮನಿಸಬೇಕಾದದ್ದು

ಚಳಿಗಾಲದಲ್ಲಿ ಕಬ್ಬು ಅರೆಯುವ ಹಂಗಾಮು. ಕೊಲ್ಹಾಪುರ, ನಿಪ್ಪಾಣಿ, ಸಂಕೇಶ್ವರ ಭಾಗದಲ್ಲಿ ಕಬ್ಬು ತುಂಬಿದ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ನಿಧಾನವಾಗಿ ಸಾಗುತ್ತಿರುತ್ತವೆ. ಹಿಂದೆ ದೀಪ, ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ಕತ್ತಲಲ್ಲಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಸೂರ್ಯ ಮುಳುಗುವ ಮೊದಲೇ ತಂಗುವ ಜಾಗ ಸೇರಿಕೊಳ್ಳಿ ಎನ್ನಲು ಇದೂ ಒಂದು ಕಾರಣ.

ಮಳೆಗಾಲದಲ್ಲಿ ಹೊರಡುವ ಮುನ್ನ ಸುದ್ದಿ ನೋಡಿಕೊಳ್ಳಿ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಕೊಲ್ಹಾಪುರ ಭಾಗದ ಪ್ರವಾಹದಿಂದ ಈ ಹೆದ್ದಾರಿಯೇ ಬಂದ್ ಆಗಿತ್ತು. ಮಕ್ಕಳು-ಹಿರಿಯರ ಜತೆ ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಎರಡು ದಿನ ತಡವಾಗಿ ಹೊರಡುವುದು ಮೇಲು.

ಫಾಸ್ಟ್ಯಾಗ್ ಬ್ಯಾಲೆನ್ಸ್, ಸ್ಟೆಪ್ನಿ ಟೈರಿನ ಗಾಳಿಯನ್ನು ಹಿಂದಿನ ದಿನವೇ ನೋಡಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರು ಕೆಟ್ಟರೆ ಅಥವಾ ಅಪಘಾತವಾದರೆ 1033, ಆಂಬುಲೆನ್ಸ್‌ಗೆ 108, ಯಾವುದೇ ತುರ್ತಿಗೆ 112. ಈ ಮೂರೂ ನಂಬರ್ ಚಾಲಕರ ಮೊಬೈಲ್‌ನಲ್ಲಿ ಮಾತ್ರವಲ್ಲ, ಅಜ್ಜನ ಮೊಬೈಲ್‌ನಲ್ಲೂ ಇರಲಿ.

ಹೊರಡುವ ಹಿಂದಿನ ರಾತ್ರಿ

ಎಲ್ಲೆಲ್ಲಿ ನಿಲ್ಲುತ್ತೀರಿ ಎಂಬ ಪಟ್ಟಿಯನ್ನು ಮನೆಯವರ ಮುಂದೆ ಓದಿ. 'ಎಂಟಕ್ಕೆ ಸಾತಾರ, ಅಲ್ಲಿ ಅರ್ಧ ಗಂಟೆ' ಎಂದು ಮೊದಲೇ ಗೊತ್ತಿದ್ದರೆ ಮಗುವಿಗೂ ಕಾಯುವುದು ಸುಲಭ, ಅಜ್ಜಿಯೂ ನಿಶ್ಚಿಂತೆಯಿಂದ ನೀರು ಕುಡಿಯುತ್ತಾರೆ. ಊರು ಅರ್ಧ ದಿನ ತಡವಾಗಿ ಸಿಕ್ಕರೂ ಸರಿ, ಕಾರಿನಿಂದ ಇಳಿದವರು ಮರುದಿನ ಹಾಸಿಗೆ ಹಿಡಿಯದೆ ಜಾತ್ರೆಗೆ ಹೋಗುವಂತಿರಬೇಕು.