ಕಿತ್ತೂರಿನ ಕೋಟೆ: ಉಳಿಸುವುದೋ, ಹೊಸದಾಗಿ ಕಟ್ಟುವುದೋ?



ನಮ್ಮ ರಾಮದುರ್ಗದ ಹೆಸರಿನಲ್ಲಿಯೇ ಒಂದು ದುರ್ಗವಿದೆ. ನೆರೆಯ ನರಗುಂದದ ಗುಡ್ಡದ ಮೇಲೊಂದು ಕೋಟೆ, ಸವದತ್ತಿಯಲ್ಲಿ ಜಾಯಪ್ಪ ದೇಸಾಯಿ ಕಟ್ಟಿಸಿದ ಇನ್ನೊಂದು ಕೋಟೆ, ಅದರ ಸನಿಹದಲ್ಲಿಯೇ ಪರಸಗಡ. ಹೀಗೆ ಮಲಪ್ರಭೆಯ ಈ ಸೀಮೆಯೇ ಕೋಟೆಗಳ ಸೀಮೆ. ಇವುಗಳಲ್ಲಿ ನಾಡಿಗೆಲ್ಲ ಹೆಸರಾದುದು ಕಿತ್ತೂರು. 2021ರಲ್ಲಿ ಸರಕಾರವು ಮುಂಬಯಿ ಕರ್ನಾಟಕಕ್ಕೆ ‘ಕಿತ್ತೂರು ಕರ್ನಾಟಕ’ ಎಂದು ಹೆಸರಿಟ್ಟಿತು. 2024ರ ಅಕ್ಟೋಬರ್ 23ಕ್ಕೆ ಚೆನ್ನಮ್ಮನ ವಿಜಯಕ್ಕೆ ಇನ್ನೂರು ವರ್ಷ ತುಂಬಿದವು. ಉತ್ಸವ ನಡೆಯಿತು, ಅಂಚೆಚೀಟಿ ಹೊರಬಂತು. ಆದರೆ ಆ ವಿಜಯಕ್ಕೆ ಸಾಕ್ಷಿಯಾದ ಕೋಟೆಯನ್ನು ಮುಂದೆ ಏನು ಮಾಡಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು.

ಕಿತ್ತೂರು ಸಂಸ್ಥಾನದ ಮೂಲಪುರುಷರು ಹಿರೇಮಲ್ಲಶೆಟ್ಟಿ ಮತ್ತು ಚಿಕ್ಕಮಲ್ಲಶೆಟ್ಟಿ ಎಂಬ ಸಹೋದರರು. ಮಲೆನಾಡಿನ ಸಾಗರದ ಕಡೆಯಿಂದ ಬಂದು ವಿಜಾಪುರದ ಆದಿಲಶಾಹಿಯ ಸೇವೆಯಲ್ಲಿ ಶೌರ್ಯ ತೋರಿದ ಇವರಿಗೆ 1585ರ ಸುಮಾರಿಗೆ ದೇಸಗತಿ ದೊರೆಯಿತು. ಮೊದಲ ರಾಜಧಾನಿ ಸಂಪಗಾವಿ. 1660ರಿಂದ 1691ರವರೆಗೆ ಆಳಿದ ಅಲ್ಲಪ್ಪಗೌಡ ದೇಸಾಯಿಯು ರಾಜಧಾನಿಯನ್ನು ಕಿತ್ತೂರಿಗೆ ತಂದು ಕೋಟೆಯನ್ನೂ ಅರಮನೆಯನ್ನೂ ಕಟ್ಟಿಸಿದನು. ಬೆಳಗಾವಿ ಮತ್ತು ಧಾರವಾಡಗಳ ನಡುವಣ ದಾರಿಯ ಮೇಲಿದ್ದ ಈ ಊರಿಗೆ ವ್ಯಾಪಾರವೂ ಬಂದಿತು, ಶತ್ರುಗಳೂ ಬಂದರು. ಮಲ್ಲಸರ್ಜ ದೇಸಾಯಿ ಟಿಪ್ಪುವಿನ ಸೆರೆಯನ್ನೂ ಪೇಶ್ವೆಯ ಸೆರೆಯನ್ನೂ ಕಂಡು 1816ರಲ್ಲಿ ತೀರಿಕೊಂಡನು. ಪೇಶ್ವೆಯ ಆಳಿಕೆ ಮುಗಿದ ಮೇಲೆ ಕಿತ್ತೂರು ವರ್ಷಕ್ಕೆ 1,75,000 ರೂಪಾಯಿ ಕಪ್ಪ ಕೊಟ್ಟು ಕಂಪನಿಯ ಅಧೀನದಲ್ಲಿ ಉಳಿಯಿತು.

ಮುಂದಿನ ಕಥೆ ನಿಮಗೆಲ್ಲ ಗೊತ್ತು. 1824ರ ಸೆಪ್ಟೆಂಬರಿನಲ್ಲಿ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡನು. ಮಾಸ್ತಮರಡಿಯ ಶಿವಲಿಂಗಪ್ಪನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಥ್ಯಾಕರೆಯು ಮೊದಲು ಕೈ ಹಾಕಿದ್ದು ಅರಮನೆಯೊಳಗಿನ ಭಂಡಾರಕ್ಕೆ. ಅದಕ್ಕೆ ಮುದ್ರೆ ಒತ್ತಿ ತನ್ನ ಕಾವಲು ಇರಿಸಿದನು. ರಾಣಿ ಕೋಟೆಯ ಅಗಸಿಯನ್ನು ಮುಚ್ಚಿಸಿದಳು. ಅಕ್ಟೋಬರ್ 23ರಂದು ಅಗಸಿಯ ಮುಂದೆ ತೋಪು ತಂದು ನಿಲ್ಲಿಸಿ ಗಡುವು ಕೊಟ್ಟಾಗ ಬಾಗಿಲು ತೆರೆಯಿತು. ಹೊರಬಂದದ್ದು ಮಾತ್ರ ಶರಣಾಗತಿಯಲ್ಲ, ಕಿತ್ತೂರಿನ ಸೈನ್ಯ. ಆ ದಿನ ಥ್ಯಾಕರೆ ಮಡಿದನು. ಇವನು ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ. ಡಿಸೆಂಬರಿನ ಆರಂಭದಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಚೆನ್ನಮ್ಮ ತೀರಿಕೊಂಡಳು. ಆಕೆಯ ಸಮಾಧಿ ಅಲ್ಲಿಯೇ ಇದೆ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಇಂದು ಕೋಟೆಯೊಳಗೆ ಹೋದವರಿಗೆ ಕಾಣುವುದು ಪೂರ್ವಾಭಿಮುಖವಾದ ಅರಮನೆಯ ಗೋಡೆಗಳು. ಮಾಡು ಇಲ್ಲ, ಸಾಗವಾನಿಯ ಕಂಬಗಳಿಲ್ಲ, ತೊಲೆ ಜಂತಿಗಳಿಲ್ಲ. ಶಾಲೆಯಿಂದ ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ಯಾರಾದರೊಬ್ಬ ಹುಡುಗ ಕೇಳುತ್ತಿದ್ದ: “ಸರ್, ಅರಮನಿ ಎಲ್ಲೈತ್ರಿ?” ಚಲನಚಿತ್ರದಲ್ಲಿ ಬಿ. ಸರೋಜಾದೇವಿಯವರ ದರ್ಬಾರನ್ನು ನೋಡಿ ಬಂದವನಿಗೆ ಈ ಗೋಡೆಗಳು ಸಪ್ಪೆಯೆನಿಸುವುದು ಸಹಜ. ಆಗ ನಾನು ಅವರನ್ನು ಗೋಡೆಯ ಹತ್ತಿರ ನಿಲ್ಲಿಸುತ್ತಿದ್ದೆ. ಅಡುಗೆಮನೆ ಎಲ್ಲಿ, ಊಟದ ಮನೆ ಎಲ್ಲಿ, ಬಚ್ಚಲಿಗೆ ನೀರು ಹೇಗೆ ಬರುತ್ತಿತ್ತು ಎಂದು ತೋರಿಸುತ್ತಿದ್ದೆ. ಧ್ರುವನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಬಿಟ್ಟ ದುಂಡನೆಯ ಕಿಂಡಿಗೆ ಕಣ್ಣಿಡಲು ಮಕ್ಕಳು ಸಾಲುಗಟ್ಟುತ್ತಿದ್ದರು. ಅಷ್ಟರಲ್ಲಿ ಅರಮನೆ ಎಲ್ಲಿದೆ ಎಂಬ ಪ್ರಶ್ನೆ ಮರೆತುಹೋಗುತ್ತಿತ್ತು.

ಅದೇ ಪ್ರಶ್ನೆಯನ್ನು ಈಗ ದೊಡ್ಡವರು ಕೇಳುತ್ತಿದ್ದಾರೆ. ಅರಮನೆಯ ಪ್ರತಿರೂಪವೊಂದನ್ನು ಕಟ್ಟಬೇಕೆಂಬ ಯೋಜನೆ ಬಂದು, 2022ರಲ್ಲಿ ಅದು ಎಲ್ಲಿ ಆಗಬೇಕೆಂಬ ವಿವಾದವೂ ಎದ್ದಿತು. ಕಿತ್ತೂರಿನಲ್ಲಿಯೇ ಆಗಬೇಕೆಂದು ಊರವರು ಹಟ ಹಿಡಿದರು. ಅವರ ಅಭಿಮಾನವನ್ನು ನಾನು ಗೌರವಿಸುತ್ತೇನೆ. ಆದರೆ ಸ್ಥಳಕ್ಕಿಂತ ಮೊದಲು ವಿಚಾರ ಮಾಡಬೇಕಾದುದು ಇನ್ನೊಂದಿದೆ: ಹಳೆಯದನ್ನು ಉಳಿಸುವುದು ಬೇರೆ, ಹೊಸದನ್ನು ಕಟ್ಟುವುದು ಬೇರೆ.

ಯುರೋಪಿನವರು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತರು. ಫ್ರಾನ್ಸಿನ ಕಾರ್ಕಸೋನ್ ಎಂಬ ಮಧ್ಯಯುಗದ ಕೋಟೆಯನ್ನು ವಯೊಲೆ ಲ ದ್ಯುಕ್ ಎಂಬ ಶಿಲ್ಪಿ 1853ರಿಂದ ಜೀರ್ಣೋದ್ಧಾರ ಮಾಡಿದನು. ಅವನು ಹುಡೇವುಗಳ ಮೇಲೆ ಕಲ್ಲುಹಲಗೆಯ ಮೊನಚಾದ ಮಾಡು ಹೊದಿಸಿದ್ದು ಆ ಸೀಮೆಯ ರೂಢಿಯಲ್ಲ ಎಂದು ವಿದ್ವಾಂಸರು ಆಕ್ಷೇಪಿಸಿದರು. ಕೋಟೆ ಅಂದವಾಯಿತು, ಆದರೆ ಅದರಲ್ಲಿ ಹಳೆಯದೆಷ್ಟು, ಅವನ ಕಲ್ಪನೆಯೆಷ್ಟು ಎಂಬ ಜಿಜ್ಞಾಸೆ ತೀರಲಿಲ್ಲ. ಇಂಗ್ಲೆಂಡಿನಲ್ಲಿ ಇಂಥ ‘ಉದ್ಧಾರ’ಗಳನ್ನು ತಡೆಯಲೆಂದೇ ವಿಲಿಯಂ ಮಾರಿಸ್ 1877ರಲ್ಲಿ ಒಂದು ಸಂಘ ಕಟ್ಟಿದನು. ಊಹೆ ಆರಂಭವಾದಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂಬ ತತ್ತ್ವವನ್ನು 1964ರಲ್ಲಿ ವೆನಿಸ್ಸಿನಲ್ಲಿ ಸೇರಿದ ತಜ್ಞರು ಬರೆದಿಟ್ಟರು.

ಈ ತತ್ತ್ವ ನಮ್ಮ ಹಿರಿಯರಿಗೂ ಹೊಸದಲ್ಲ. ಹಳೆಯ ವಾಡೆಯ ಗೋಡೆ ಬಿರಿತರೆ ಗಾರೆಯವರು ಸುಣ್ಣದ ಗಚ್ಚನ್ನೇ ಅರೆದು ತುಂಬುತ್ತಿದ್ದರು. ಸುಣ್ಣದ ಗಚ್ಚು ಮೆದು. ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ. ಅದೇ ಬಿರುಕಿಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ನಿಂತು, ಉಪ್ಪು ಕಟ್ಟಿ, ಹಳೆಯ ಇಟ್ಟಿಗೆ ಪುಡಿಪುಡಿಯಾಗಿ ಉದುರುತ್ತದೆ. ನಾಲ್ಕು ಮಳೆಗಾಲ ಕಳೆಯುವುದರೊಳಗೆ ದುರಸ್ತಿಯೇ ಗೋಡೆಗೆ ಮುಳುವಾಗುತ್ತದೆ. ಆದುದರಿಂದ ಕಿತ್ತೂರಿನಲ್ಲಿ ಮೊದಲು ಆಗಬೇಕಾದ ಕೆಲಸಗಳು ಬಹಳ ಸಾದಾ ಕೆಲಸಗಳು: ಗೋಡೆಯ ನೆತ್ತಿಯಲ್ಲಿ ಮಳೆನೀರು ನಿಲ್ಲದಂತೆ ನೋಡುವುದು, ಸಂದಿನಲ್ಲಿ ಬೇರೂರುವ ಅರಳಿ ಸಸಿಯನ್ನು ಎಳೆಯದಿರುವಾಗಲೇ ಕೀಳುವುದು, ಕಂದಕದಲ್ಲಿ ಕಸ ಬೀಳದಂತೆ ಕಾಯುವುದು, ಸಡಿಲಾದ ಕಲ್ಲನ್ನು ಸುಣ್ಣದಿಂದ ಬಿಗಿಸುವುದು. ಇವುಗಳಿಗೆ ಉದ್ಘಾಟನೆಯೂ ಇಲ್ಲ, ಫಲಕವೂ ಇಲ್ಲ.

ಪ್ರತಿರೂಪ ಬೇಡವೆಂದು ನಾನು ಹೇಳುವುದಿಲ್ಲ. ಹೊರಗೆ ಎಲ್ಲಿಯಾದರೂ ಆಗಲಿ, ‘ಇದು ಪ್ರತಿರೂಪ’ ಎಂದು ಬರೆದು ಹಾಕಲಿ, ಮಕ್ಕಳಿಗೆ ಉಪಯೋಗವಾದೀತು. ಹಳೆಯ ಅಡಿಪಾಯದ ಮೇಲೆ ಮಾತ್ರ ಕಟ್ಟಬಾರದು. ಆ ಅರಮನೆಗೆ ಮಾಡು ಇಲ್ಲದಿರುವುದೂ ಚರಿತ್ರೆಯೇ. ಒಂದು ಸಂಸ್ಥಾನವನ್ನು ಕಂಪನಿ ಹೇಗೆ ಅಳಿಸಿತು ಎಂಬುದನ್ನು ಆ ಬೋಳು ಗೋಡೆಗಳು ಹೇಳುವಷ್ಟು ಸ್ಪಷ್ಟವಾಗಿ ಯಾವ ಪಠ್ಯಪುಸ್ತಕವೂ ಹೇಳಿಲ್ಲ. ಹೊಸ ಬಣ್ಣ ಬಳಿದರೆ ಆ ಮಾತು ನಿಂತುಹೋಗುತ್ತದೆ.

ಬೆಂಗಳೂರು, ಪುಣೆ, ಅಮೇರಿಕೆಗಳಿಂದ ಊರಿಗೆ ಬರುವ ನೀವು ಹೆದ್ದಾರಿಯಲ್ಲಿ ಕಿತ್ತೂರನ್ನು ದಾಟಿಯೇ ಹೋಗುತ್ತೀರಿ. ಮುಂದಿನ ಸಲ ಒಂದು ತಾಸು ಇಳಿಯಿರಿ. ಕೋಟೆಯ ಆವರಣದಲ್ಲಿ 1967ರಿಂದ ಇರುವ ವಸ್ತುಸಂಗ್ರಹಾಲಯವನ್ನೂ ಮಕ್ಕಳಿಗೆ ತೋರಿಸಿರಿ. ಗೋಡೆಯ ಮೇಲೆ ಹತ್ತಲು ಬಿಡಬೇಡಿರಿ, ಹೆಸರು ಕೆತ್ತಲು ಬಿಡಬೇಡಿರಿ. ನೋಡಿ ಬಂದ ಮೇಲೆ ನಿಮಗೇನೆನಿಸಿತೆಂದು ಬರೆಯಿರಿ. ನನ್ನ ಮಾತನ್ನು ಒಪ್ಪದಿದ್ದರೂ ಸಂತೋಷವೇ.