ಮಾದರಿ ಮತ್ತು ಕಟ್ಟಡ: ಹಾವೇರಿ ಸೀಮೆಯ ದೇವಾಲಯಗಳು

ಹಾವೇರಿಯ ಸಿದ್ಧೇಶ್ವರ ದೇವಾಲಯದ ಹೊರಗೋಡೆಯಲ್ಲಿ ಕೆತ್ತಿರುವ ಪುಟ್ಟ ಶಿಖರಗಳನ್ನು ಬರಿಯ ಅಲಂಕಾರವೆಂದೆಣಿಸುವುದು ರೂಢಿ. ನಾವು ಅವನ್ನು ದೇವಾಲಯದ ಕಿರುಮಾದರಿಗಳೆಂದೇ ಭಾವಿಸುತ್ತೇವೆ. ಕಲ್ಯಾಣ ಚಾಳುಕ್ಯರ ಕಾಲದ ಶಿಲ್ಪಿಗಳು ಮೃದುವಾದ ಬಳಪದ ಕಲ್ಲನ್ನು ಕಡೆದು, ಗಾರೆಯಿಲ್ಲದೆ ಕಲ್ಲಿಗೆ ಕಲ್ಲನ್ನು ಕೂಡಿಸುತ್ತಿದ್ದರು. ಆದ್ದರಿಂದ ಪ್ರತಿಯೊಂದು ಕಲ್ಲಿನ ಅಳತೆಯೂ ಜೋಡಣೆಗೆ ಮುನ್ನವೇ ನಿಶ್ಚಿತವಾಗಿರಬೇಕಾಗಿತ್ತು. ತಪ್ಪನ್ನು ಮುಚ್ಚಲು ಗಾರೆಯೇ ಇರಲಿಲ್ಲವಷ್ಟೆ! ಇಂದಿನ ಗಣಕಯಂತ್ರದ ಕಟ್ಟಡ-ಮಾದರಿಯೂ ಇದನ್ನೇ ಸಾಧಿಸುತ್ತದೆ: ತೊಲೆ, ಕಂಬ, ಕೊಳವೆಗಳು ಒಂದಕ್ಕೊಂದು ಅಡ್ಡ ಬರುವುದನ್ನು ಕಾರ್ಖಾನೆಯಲ್ಲಿ ಅವು ತಯಾರಾಗುವ ಮೊದಲೇ ತೋರಿಸಿಕೊಡುತ್ತದೆ. ಹಂಪಿಯ ವಿಠ್ಠಲ ದೇವಾಲಯವನ್ನೂ ಗಣಕಯಂತ್ರದಲ್ಲಿ ರೂಪಿಸಲಾಗಿದೆ. ಆದರೆ ಛಾಯಾಚಿತ್ರ, ಲೇಸರ್ ಅಳತೆಗಳು ಹೊರಮೈಯನ್ನಷ್ಟೇ ಹಿಡಿಯುತ್ತವೆ. ಒಳಗಿನ ಸಂದುಗಳು ಅವಕ್ಕೆ ಕಾಣವು. ಕುಸಿದ ಗೋಡೆಯನ್ನು ಮತ್ತೆ ಕಟ್ಟುವವರಿಗೆ ಬೇಕಾದುವು ಆ ಸಂದುಗಳೇ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರದಂತಹ ಗುಡಿಗಳಲ್ಲಿ ದುರಸ್ತಿಗಾಗಿ ಕಲ್ಲು ಬಿಚ್ಚಿದಾಗಲೆಲ್ಲ ಅದರ ಬೆನ್ನನ್ನೂ ಅಳೆದು ಮಾದರಿಯಲ್ಲಿ ಸೇರಿಸತಕ್ಕದ್ದು.