ಹುಟ್ಟೇ ಅಪರಾಧವಾಗಿದ್ದ ಕಾಲ

ಹುಬ್ಬಳ್ಳಿಯಲ್ಲಿಯೂ ಗದಗ-ಬೆಟಗೇರಿಯಲ್ಲಿಯೂ ‘ಸೆಟ್ಲ್‌ಮೆಂಟ್’ ಎಂದು ಕರೆಯುವ ಬಡಾವಣೆಗಳುಂಟು. ಆ ಹೆಸರು ಎಲ್ಲಿಂದ ಬಂದಿತೆಂದು ನೀವು ಎಂದಾದರೂ ವಿಚಾರಿಸಿದ್ದೀರಾ?

1871ರಲ್ಲಿ ಬ್ರಿಟಿಷ್ ಸರಕಾರವು ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ಯನ್ನು ಹೊರಡಿಸಿತು. ಅದು ಮೊದಲು ಉತ್ತರ ಹಿಂದೂಸ್ಥಾನದಲ್ಲಿದ್ದು, 1911ರ ಹೊಸ ಕಾಯಿದೆಯಿಂದ ಮುಂಬಯಿ, ಮದರಾಸು ಪ್ರಾಂತಗಳಿಗೂ ಹಬ್ಬಿತು. ನೇಕಾರನ ಮಗ ನೇಕಾರನಾಗುವಂತೆ ಕಳ್ಳನ ಮಗ ಕಳ್ಳನಾಗುವನೆಂಬುದೇ ಅದರ ತರ್ಕ. ಸರಕಾರವು ಒಂದು ಕುಲವನ್ನು ಹೆಸರಿಸಿ ಪ್ರಕಟಿಸಿತೆಂದರೆ ಮುಗಿಯಿತು. ಯಾವ ನ್ಯಾಯಾಲಯದಲ್ಲಿಯೂ ಅದನ್ನು ಪ್ರಶ್ನಿಸುವಂತಿರಲಿಲ್ಲ. ಆ ಕುಲದವರು ಪೋಲೀಸರ ಪಟ್ಟಿಯಲ್ಲಿ ಹೆಸರು ಬರೆಸಬೇಕು, ಬೆರಳಚ್ಚು ಕೊಡಬೇಕು, ಕರೆದಾಗ ಹಾಜರಾಗಬೇಕು; ಪರವೂರಿಗೆ ಹೋಗಲು ರಹದಾರಿ ಬೇಕು. ಕೆಲವರನ್ನು ಕುಟುಂಬಸಹಿತ ‘ಸೆಟ್ಲ್‌ಮೆಂಟು’ಗಳಲ್ಲಿ ಇರಿಸಿದರು. 1924ರ ಕಾಯಿದೆಯಂತೂ 6ರಿಂದ 18 ವರ್ಷದೊಳಗಿನ ಮಕ್ಕಳನ್ನು ತಾಯಿತಂದೆಗಳಿಂದ ಅಗಲಿಸುವ ಅಧಿಕಾರವನ್ನೂ ಕೊಟ್ಟಿತು.

‘ಕಳ್ಳ’ ಎಂಬುದು ಅನ್ವರ್ಥನಾಮವೆಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ಕದ್ದವನಿಗೆ ಮಾತ್ರ ಸಲ್ಲುವ ಹೆಸರು ಅದು. ಈ ಶಾಸನವು ಅದನ್ನು ತೊಟ್ಟಿಲ ಕೂಸಿಗೂ ಅಂಕಿತನಾಮ ಮಾಡಿಬಿಟ್ಟಿತು!

ಕೊರಮ, ಕೊರಚರ ಸಂಗತಿಯನ್ನೇ ನೋಡಿರಿ. ಕತ್ತೆ, ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಹೇರಿ ಒಳನಾಡಿಗೆ ತಂದು, ದವಸಕ್ಕೆ ಮಾರಿ ಬದುಕುತ್ತಿದ್ದವರು ಅವರಲ್ಲಿ ಬಹುಮಂದಿ. ಊರಿನವರು ಅವರ ಬರವನ್ನು ಕಾಯುತ್ತಿದ್ದರು. ರೈಲು ಬಂದಿತು, ಉಪ್ಪಿನ ಮೇಲೆ ಸರಕಾರದ ಹಿಡಿತ ಬಿಗಿಯಾಯಿತು, ವ್ಯಾಪಾರ ಮುರಿಯಿತು. ತಿರುಗಾಟ ಮಾತ್ರ ಉಳಿಯಿತು. ಕೈಯಲ್ಲಿ ಸರಕಿಲ್ಲದೆ ತಿರುಗುವವನು ಸರಕಾರದ ಕಣ್ಣಿಗೆ ಕಳ್ಳನಾದನು. ಅನ್ನ ಕಸಿದವರೇ ಹಸಿದವನ ಮೇಲೆ ಕಾವಲಿಟ್ಟರು.

ಸ್ವಾತಂತ್ರ್ಯ ಬಂದ ಮೇಲೆ ಅನಂತಶಯನಂ ಅಯ್ಯಂಗಾರರ ಸಮಿತಿಯು ಇದನ್ನು ತೆಗೆದುಹಾಕುವಂತೆ ಶಿಫಾರಸು ಮಾಡಿತು. 1952ರ ಆಗಸ್ಟ್ 31ರಂದು ಕಾಯಿದೆ ರದ್ದಾಯಿತು. ಆದರೆ ಅದರ ಬೆನ್ನಿಗೇ ಪ್ರಾಂತಗಳಲ್ಲಿ ‘ರೂಢಿಗತ ಅಪರಾಧಿ’ಗಳ ಕಾಯಿದೆಗಳು ಬಂದವು, ನಮ್ಮ ರಾಜ್ಯದಲ್ಲಿ 1961ರಲ್ಲಿ. ಇವು ಕುಲವನ್ನು ನೋಡದೆ ವ್ಯಕ್ತಿಯನ್ನು ನೋಡುವಂಥವು, ನಿಜ. ಆದರೂ ಸಂಶಯವು ಹಳೆಯ ಪಟ್ಟಿಯನ್ನು ಮರೆಯಲಿಲ್ಲ. ಪೋಲೀಸರನ್ನೇ ದೂರಿ ಫಲವೇನು? ತರಗತಿಯಲ್ಲಿ ಪೆನ್ನು ಕಳೆದಾಗ ಎಲ್ಲರ ಕಣ್ಣೂ ಮೊದಲು ಯಾವ ಹುಡುಗನ ಚೀಲದತ್ತ ಹೊರಳುವುದೆಂದು ನಾನು ಬಲ್ಲೆ. ನನ್ನ ಕಣ್ಣೂ ಹೊರಳಿದ್ದುಂಟು.

2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವು ಸೆರೆಮನೆಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಅಸಿಂಧುವೆಂದು ಸಾರಿತು. ವಿಮುಕ್ತ ಬುಡಕಟ್ಟಿನವರನ್ನು ಮನಬಂದಂತೆ ಬಂಧಿಸಬಾರದೆಂದು ಪೋಲೀಸರಿಗೆ ಆದೇಶವಿತ್ತಿತು. ಕೈದಿಗಳ ದಾಖಲೆ ಪುಸ್ತಕದಲ್ಲಿದ್ದ ಜಾತಿಯ ಅಂಕಣವನ್ನು ಹೊಡೆದುಹಾಕಬೇಕೆಂದೂ ಹೇಳಿತು. ಮೊದಲ ಕಾಯಿದೆ ಹುಟ್ಟಿ ಆಗ 153 ವರ್ಷಗಳಾಗಿದ್ದವು.